ಇಂಚಿಗೆ ಮುನ್ನೂರು ಚುಕ್ಕಿ

“ಈ ಮುಖದಲ್ಲಿ ಮೂಗು ಎಲ್ಲಿ ಮುಗಿದು ಮೀಸೆ ಎಲ್ಲಿ ಶುರುವಾಗುತ್ತೆ?”

ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಕೇಳಿದ್ದು ಯಾರನ್ನೂ ಅಲ್ಲ. ಎದುರಿನ ಮಾನಿಟರಿನ ತುಂಬ ನನ್ನ ಸೋದರಮಾವ ಹರಡಿಕೊಂಡಿದ್ದರು. ಬೂದು ಚೌಕ, ಕಪ್ಪು ಚೌಕ, ಮತ್ತೆ ಬೂದು ಚೌಕ, ನೆಲಕ್ಕೆ ಟೈಲ್ಸ್ ಕೂರಿಸುವವನು ಅರ್ಧಕ್ಕೆ ಬಿಟ್ಟು ಊಟಕ್ಕೆ ಎದ್ದುಹೋದಂತೆ. ಒಂದು ಚೌಕ ಕಣ್ಣಿರಬೇಕು. ಅದು ನನ್ನನ್ನೇ ನೋಡುತ್ತಿತ್ತು. ಕಿವಿಯೂ ಆಗಿರಬಹುದು.

ನನ್ನ ಕೆಲಸವೇ ಇದು. ಮುದ್ರಣಾಲಯಕ್ಕೆ ಬಂದ ಫೈಲುಗಳನ್ನು ಅಚ್ಚಿನ ಪ್ಲೇಟಿಗೆ ಹೋಗುವ ಮುಂಚೆ ಬಿಚ್ಚಿ ನೋಡಿ, ಕೆಟ್ಟದ್ದನ್ನು ಬಾಗಿಲಲ್ಲೇ ತಡೆಯುವುದು. ಕಾಗದದ ಮೇಲೆ ಅಚ್ಚಾದ ಮುಖ ಅಂದರೆ ಬರೀ ಚುಕ್ಕಿಗಳ ರಾಶಿ. ಒಂದು ಇಂಚಿನ ಉದ್ದಕ್ಕೆ ಮುನ್ನೂರು ಚುಕ್ಕಿಗಾಗುವಷ್ಟಾದರೂ ಫೈಲಿನಲ್ಲಿ ಸರಕಿರಬೇಕು, ಇಲ್ಲದಿದ್ದರೆ ಮುಖ ಕಲಸಿಹೋಗುತ್ತದೆ. ಇದನ್ನು ದಿನಕ್ಕೆ ಹತ್ತು ಸಲ ಹೇಳಿ ಹೇಳಿ ನನಗೆ ಚುಕ್ಕಮ್ಮ ಅಂತಲೇ ಹೆಸರು ಬಿದ್ದಿದೆ. ಹೆಸರಿಟ್ಟವರು ಪಕ್ಕದ ಹಾಲಿನಲ್ಲಿ ಮುದ್ರಣಯಂತ್ರ ಓಡಿಸುವ ಮೆಷಿನ್ ಅಣ್ಣ. ಇಪ್ಪತ್ತು ವರ್ಷ ಆ ಯಂತ್ರದ ಸದ್ದಿನ ಮೇಲೆ ಮಾತಾಡಿದ ಮನುಷ್ಯ, ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತದೆ.

ಮಾವನ ವಿಷಯ ಹೇಳಬೇಕು. ನನಗೆ ಅಕ್ಷರ ಬರುವ ಮುಂಚೆ ಅವರ ಪದ್ಯಗಳು ಬಂದಿದ್ದವು. ವಾರಕ್ಕೊಂದು ಸಂಜೆ, ನಲವತ್ತು ವರ್ಷ, ನಮ್ಮ ಬಡಾವಣೆಯ ಸಭಾಭವನದಲ್ಲಿ ಅವರು ದೇವರ ಪದ್ಯಗಳನ್ನು ಹಾಡಿಹೇಳಿದ್ದಾರೆ. ಕೈಯಲ್ಲಿ ಪುಸ್ತಕವಿಲ್ಲ, ಚೀಟಿಯಿಲ್ಲ. ಕಣ್ಣು ಮುಚ್ಚಿ, ಒಂದು ಕೈ ಚಾಚಿ, ಸಾಲಿನ ಹಿಂದೆ ಸಾಲು. ನಡುನಡುವೆ ಒಂದು ಉಸಿರಿನಷ್ಟು ಮೌನ. ಆ ಮೌನ ಅಂದರೆ ನನಗೆ ಪ್ರಾಣ. ಆಗ ದೇವರೇ ಅವರ ಕಿವಿಯಲ್ಲಿ ಮುಂದಿನ ಸಾಲು ಹೇಳಿಕೊಡುತ್ತಾನೆ ಅಂತ ಅಮ್ಮ ಹೇಳಿದ್ದಳು. ನಾನು ನಂಬಿದ್ದೆ. ಸಭೆಯ ಮೊದಲ ಸಾಲಿನಲ್ಲೇ ಕಾಲು ಮಡಚಿ ಕೂತು, ಆ ದನಿ ನನಗೂ ಒಂದು ಸಲ ಕೇಳೀತೇನೋ ಅಂತ ಕಿವಿ ನಿಮಿರಿಸಿಕೊಂಡಿರುತ್ತಿದ್ದೆ. ಅತ್ತೆ, ಅಂದರೆ ಮಾವನ ಹೆಂಡತಿ, ವೇದಿಕೆಯ ಹಿಂದೆ ಕುಡಿಯುವ ನೀರಿನ ವ್ಯವಸ್ಥೆ ನೋಡಿಕೊಳ್ಳುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು. ನಲವತ್ತು ವರ್ಷದಲ್ಲಿ ಒಬ್ಬರಿಗೂ ಒಂದು ಲೋಟ ನೀರು ಬಂದದ್ದಿಲ್ಲ. ಅದನ್ನು ಯಾರೂ ಕೇಳಿದ್ದೂ ಇಲ್ಲ.

ಈಗ ಮಾವನ ಪುಸ್ತಕ ಬರಲಿತ್ತು. ಅವರೇ ಆರಿಸಿದ ಪದ್ಯಗಳು, ಅವರದೇ ಮುನ್ನುಡಿ, ಬೇರೆಯವರ ಹೆಸರಿನಲ್ಲಿ ಅವರೇ ಬರೆದ ಬೆನ್ನುಡಿ. ಹೆಸರು ‘ಸಾವಿರ ಪದ್ಯ, ಒಂದೇ ಕಂಠ’. ಮುಖಪುಟದ ತುಂಬ ಅವರ ಪಟ. ಭಾನುವಾರ ಮಧ್ಯಾಹ್ನ ಅದೇ ಭವನದಲ್ಲಿ ಬಿಡುಗಡೆ. ಅಂದು ಪುಸ್ತಕ ಮುಟ್ಟದೆ ಅದರಿಂದ ನೂರು ಪದ್ಯ ಹೇಳುತ್ತೇನೆಂದು ಆಹ್ವಾನಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿಸಿಬಿಟ್ಟಿದ್ದರು. ಬರುವವರಲ್ಲಿ ಅರ್ಧ ಜನ ಬೇರೆ ಸಭೆಗಳ ಹಾಡುಗಾರರು. ಮಾವ ಒಂದೇ ಒಂದು ಸಾಲು ಎಡವಲಿ, ಜನ್ಮ ಸಾರ್ಥಕವಾಗುತ್ತದೆ ಅಂತ ಕಾದವರು. ಎಡವಿದರೆ ನಲವತ್ತು ವರ್ಷದ ಹೆಸರು ಒಂದು ಮಧ್ಯಾಹ್ನದಲ್ಲಿ ನೆಲಕ್ಕೆ. ಇದು ಮಾವನಿಗೂ ಗೊತ್ತಿತ್ತು. ಅದಕ್ಕೇ ಮುಖಪುಟದ ಮೇಲೆ ಅಷ್ಟು ಕಣ್ಣು. ಪುಸ್ತಕ ಕೈಗೆತ್ತಿಕೊಂಡವರಿಗೆ ಮೊದಲು ತಾನು ಕಾಣಬೇಕು, ತನ್ನ ಗತ್ತು ಕಾಣಬೇಕು.

ಕಾಣುತ್ತಿದ್ದದ್ದು ಟೈಲ್ಸ್. ನಾನು ಫೋನ್ ಮಾಡಿದೆ.

“ಮಾವ, ಈ ಫೋಟೊ ಸಾಲದು.”

“ಸಾಲದು ಅಂದ್ರೆ? ಇಡೀ ಮುಖ ಇದೆಯಲ್ಲ!”

“ಮುಖ ಇದೆ, ಚುಕ್ಕಿ ಇಲ್ಲ. ಈ ಫೈಲಿಂದ ನಿಮ್ಮನ್ನ ಚೆನ್ನಾಗಿ ಅಚ್ಚು ಹಾಕಬೇಕು ಅಂದ್ರೆ ಬೆಂಕಿಪೊಟ್ಟಣದಷ್ಟು ಹಾಕಬಹುದು, ಅಷ್ಟೇ.”

“ಬೆಂಕಿಪೊಟ್ಟಣ! ನಲವತ್ತು ವರ್ಷ ಹಾಡಿದೋನು ಬೆಂಕಿಪೊಟ್ಟಣವೇನೇ?”

ಆ ಫೋಟೊ ಬಂದದ್ದು ಮೊಬೈಲಿನ ಫ್ಯಾಮಿಲಿ ಗ್ರೂಪಿನಿಂದ. ಯಾರೋ ತೆಗೆದು ಯಾರಿಗೋ ಕಳಿಸಿ, ಅವರು ಅಂಚು ಕತ್ತರಿಸಿ ಇನ್ನೊಬ್ಬರಿಗೆ ತಳ್ಳಿ, ಮೂರನೆಯವರು ಅದರ ಮೇಲೆ ‘ಶುಭೋದಯ’ ಅಂತ ಬರೆದು ಆಮೇಲೆ ಉಜ್ಜಿದ್ದರು. ಹಣೆಯ ಮೇಲೆ ‘ದಯ’ದ ನೆರಳು ಇನ್ನೂ ಇತ್ತು. ಕೈಯಿಂದ ಕೈಗೆ ಹೋದ ಹಾಗೆಲ್ಲ ಚಿತ್ರ ಸವೆಯುತ್ತದೆ. ನಮ್ಮ ನೆಂಟರ ಕೈ ಅಂದಮೇಲೆ ಕೇಳಬೇಕೇ.

ಮಾರನೆಯ ದಿನ ಮಾವ ಅದೇ ಫೋಟೊವನ್ನು ಯಾವುದೋ ಆ್ಯಪಿನಲ್ಲಿ ಆರು ಪಟ್ಟು ಹಿಗ್ಗಿಸಿ ಕಳಿಸಿದರು. ಟೈಲ್ಸ್ ಹೋಗಿ ಮಾವ ಬಲೂನಾದರು. ಚರ್ಮ ನುಣ್ಣಗೆ, ತುಟಿ ನಸುಗೆಂಪು, ಮೀಸೆ ಬ್ರಷ್ಷಿನಿಂದ ಒಂದೇ ಎಳೆತಕ್ಕೆ ಬಳಿದಂತೆ. ಮದುವೆಗೆ ಗಂಡು ಹುಡುಕುತ್ತಿದ್ದವರಿಗಾದರೆ ಕಳಿಸಬಹುದಿತ್ತು. ಬೇಡ ಅಂದೆ. ಸಂಜೆಗೆ ಟ್ಯಾಬಿನ ಪರದೆಯ ಮೇಲೆ ಫೋಟೊ ತೆರೆದಿಟ್ಟು, ಅದನ್ನು ಫ್ಲ್ಯಾಶ್ ಹಾಕಿ ಮೊಬೈಲಿನಲ್ಲಿ ಹೊಡೆದು ಕಳಿಸಿದರು. ಹಣೆಯ ನಡುವೆ ಬಿಳೀ ಸೂರ್ಯ, ಕೆಳಗೆ ಶೇಕಡಾ ಹದಿನೇಳು ಬ್ಯಾಟರಿ.

ಆಮೇಲೆ ಖುದ್ದು ಬಂದರು. ಮುಖದಲ್ಲಿ ಗೆದ್ದ ಕಳೆ.

“ಈಗ ಹೇಳು ನೋಡೋಣ. ಕಂಪ್ಯೂಟರ್ ಅಂಗಡಿಯೋನು ಇಂಚಿಗೆ ಎಪ್ಪತ್ತೆರಡು ಇತ್ತು ಅಂದ. ಅಳಿಸಿ ಮುನ್ನೂರು ಅಂತ ಬರೆಸಿಕೊಂಡು ಬಂದಿದೀನಿ!”

“ಮಾವ, ಬರೆದ್ರೆ ಬರಲ್ಲ.”

“ಯಾಕೆ ಬರಲ್ಲ? ಪೆಟ್ಟಿಗೆ ಒಳಗೆ ಮುನ್ನೂರು ಅಂತ ತೋರಿಸ್ತಿದೆ, ನೀನೇ ನೋಡು.”

“ಭವನದ ಬಾಗಿಲಲ್ಲಿ ಮುನ್ನೂರು ಜನ ಅಂತ ಬೋರ್ಡ್ ಹಾಕಿದ್ರೆ ಒಳಗೆ ಕೂತ ಹನ್ನೆರಡು ಜನ ಮುನ್ನೂರಾಗ್ತಾರಾ? ನೀವು ನಾಲ್ಕು ಸಾಲಿನ ಪದ್ಯಕ್ಕೆ ಆ… ಆ… ಅಂತ ರಾಗ ಎಳೆದು ಅರ್ಧ ಗಂಟೆ ಹಾಡ್ತೀರಿ. ಮಾತು ಎಷ್ಟಿರುತ್ತೆ? ನಾಲ್ಕೇ ಸಾಲು.”

ಮಾವನಿಗೆ ಇದು ಚುಕ್ಕಿಯ ಬಗ್ಗೆ ಅರ್ಥವಾಯಿತೋ ಇಲ್ಲವೋ, ತಮ್ಮ ರಾಗದ ಬಗ್ಗೆ ಮಾತ್ರ ಚೆನ್ನಾಗಿ ಅರ್ಥವಾಯಿತು. “ನಿಮ್ಮಮ್ಮನ ನಾಲಿಗೆಯೇ ನಿಂಗೆ ಬಂದಿರೋದು” ಅಂದು ಕುರ್ಚಿಯಲ್ಲಿ ಕುಸಿದರು.

“ಇದರ ಮೂಲ ಎಲ್ಲಿದೆ, ಮಾವ?”

“ಮೂಲ ಅಂದ್ರೆ?”

“ಮೊಟ್ಟಮೊದಲ ಫೋಟೊ. ಕಾಗದದ್ದು.”

“ಅದಾ? ಅದು ನಡುಮನೆ ಗೋಡೆ ಮೇಲಿದೆ. ಮೂವತ್ತು ವರ್ಷದಿಂದ ಅಲ್ಲೇ ಇದೆ.”

ದೇವರು ಕೆಲವರಿಗೆ ಕಂಠ ಕೊಡುವಾಗ ಉಳಿದದ್ದರಲ್ಲಿ ಸ್ವಲ್ಪ ಹಿಡಿತ ಮಾಡುತ್ತಾನೆ.

“ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?”

“ನೀನು ಫೋಟೊ ಕಳಿಸು ಅಂದೆ. ಗೋಡೆ ಕಳಿಸು ಅಂದ್ಯಾ?”

ಮಂಗಳವಾರ ಚೌಕಟ್ಟಿನ ಸಮೇತ ಪಟವನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದುಕೊಟ್ಟು ಹೋದರು. ಹಿಂದಿನ ಮೊಳೆಗಳು ತುಕ್ಕು ಹಿಡಿದಿದ್ದವು. ರಟ್ಟು ಎಬ್ಬಿಸಿದಾಗ ಹಳೇ ಪೇಪರಿನ ಪುಡಿಯೂ ಒಂದು ಸತ್ತ ಹುಳವೂ ಉದುರಿದವು. ಹತ್ತಿಯ ಕೈಗವಸು ಹಾಕಿಕೊಂಡು ಪಟವನ್ನು ಅಂಚು ಹಿಡಿದು ಎತ್ತಿದೆ. ಹತ್ತು ಇಂಚಿಗೆ ಹನ್ನೆರಡು, ಕಪ್ಪು ಬಿಳುಪು, ಭವನದ ವೇದಿಕೆಯಲ್ಲಿ ಮಾವ ಹಾಡುತ್ತಿರುವಾಗಿನದು. ಯಾವನೋ ಪುಣ್ಯಾತ್ಮ ದೊಡ್ಡ ಕ್ಯಾಮೆರಾದಲ್ಲಿ ಮನಸ್ಸಿಟ್ಟು ತೆಗೆದು, ಮನಸ್ಸಿಟ್ಟು ತೊಳೆದಿದ್ದ. ಗಾಳಿ ಊದಿ ಧೂಳು ಹಾರಿಸಿ, ಸ್ಕ್ಯಾನರಿನ ಗಾಜನ್ನು ಎರಡು ಸಲ ಒರೆಸಿ, ಬೇಕಾದದ್ದಕ್ಕಿಂತ ಎರಡು ಪಟ್ಟು ಸೂಕ್ಷ್ಮವಾಗಿ, ಬೂದು ಬಣ್ಣದ ಒಂದೊಂದು ಛಾಯೆಯೂ ಬಿಡದಂತೆ ಎಳೆದುಕೊಂಡೆ. ಬೆಳಕಿನ ಪಟ್ಟಿ ಗಾಜಿನ ಕೆಳಗೆ ಇರುವೆಯ ಹಾಗೆ ಹರಿದು ಆ ತುದಿ ಮುಟ್ಟಲು ಹನ್ನೊಂದು ನಿಮಿಷ.

ಮಾವ ಬಂದರು. ಟೈಲ್ಸ್ ಅಲ್ಲ, ಬಲೂನ್ ಅಲ್ಲ, ಮಾವ. ಮೀಸೆಯ ಕೂದಲು ಎಣಿಸಬಹುದಿತ್ತು. ಹುಬ್ಬಿನ ಬೆವರು, ಶರ್ಟಿನ ಕಾಲರಿನ ದಾರ, ತೆರೆದ ಬಾಯಿಯಲ್ಲಿ ನಾಲಿಗೆ ಎಲ್ಲಿದೆ ಅನ್ನುವುದು ಕೂಡ. ಮೆಷಿನ್ ಅಣ್ಣ ಹೆಗಲ ಮೇಲಿಂದ ಬಗ್ಗಿ ನೋಡಿ ಗುಟ್ಟಿನಲ್ಲಿ ಕೂಗಿದರು: “ಚುಕ್ಕಮ್ಮ, ಮೂಗಿನೊಳಗಿನ ಕೂದಲೂ ಬಂದಿದೆಯಲ್ಲ! ಮುನ್ನೂರು ಮುನ್ನೂರು ಅಂತ ಬಡ್ಕೊಂಡದ್ದು ಇದಕ್ಕಾ?”

“ಹೂಂ. ಇದಕ್ಕೇ.”

ಉಳಿದದ್ದು ಮಾವನ ಹಿಂದಿದ್ದ ವೇದಿಕೆಯ ಪರದೆ. ಫೋಟೊದಲ್ಲಿ ಅದು ಬರೀ ಕಪ್ಪು. ಕಾಗದ ಇಂಕನ್ನು ಕುಡಿಯುತ್ತದೆ, ಚುಕ್ಕಿಗಳು ಹಿಗ್ಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕತ್ತಲಿದ್ದ ಕಡೆ ಡಾಂಬರು ಸುರಿದಂತಾಗುತ್ತದೆ. ಆದ್ದರಿಂದ ಕಪ್ಪನ್ನು ಮೊದಲೇ ಸ್ವಲ್ಪ ಸಡಿಲಿಸುವುದು ನನ್ನ ರೂಢಿ. ಸಡಿಲಿಸಿದೆ. ಪರದೆಯ ನೆರಿಗೆಗಳು ಒಂದೊಂದಾಗಿ ಎದ್ದು ನಿಂತವು. ಎರಡು ನೆರಿಗೆಗಳ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಏನೋ ಇತ್ತು. ಧೂಳು ಅಂದುಕೊಂಡು ಒರೆಸಲು ಹೋದೆ. ಒರೆಸುವ ಮುಂಚೆ ಹಿಗ್ಗಿಸಿ ನೋಡುವುದೂ ರೂಢಿ.

ಅದು ಹಲ್ಲು.

ಹಲ್ಲಿನ ಸುತ್ತ ತುಟಿ ಇತ್ತು. ತುಟಿಯ ಮೇಲೆ ಅರ್ಧ ಮೂಗು, ಒಂದು ಕಣ್ಣು. ಕೆಳಗೆ ತೆರೆದ ನೋಟ್‌ಬುಕ್ಕು, ಅದರ ಒಂದು ಸಾಲಿನ ಮೇಲೆ ಒತ್ತಿಟ್ಟ ಬೆರಳು. ಮಾವನ ಬಾಯಿ ‘ಆ’ ಅಂತ ತೆರೆದಿತ್ತು. ಸಂದಿಯಲ್ಲಿದ್ದ ಬಾಯಿ ಆಗಲೇ ಮುಂದಿನ ಪದಕ್ಕೆ ಹೊರಟಿತ್ತು.

ಅಮ್ಮ ಹೇಳಿದ್ದ ದೇವರಿಗೆ ಮುಂದಿನ ಒಂದು ಹಲ್ಲು ಸೊಟ್ಟಗಿತ್ತು. ನಮ್ಮ ಕುಟುಂಬದಲ್ಲಿ ಆ ಹಲ್ಲು ಇರುವುದು ಅತ್ತೆಗೆ ಮಾತ್ರ.

ಕೈಗವಸು ತೆಗೆದಿಟ್ಟೆ. ಬೇಸರವಾಯಿತೇ ಅಂತ ಕೇಳಿದರೆ, ಇಲ್ಲ. ಅಷ್ಟು ವರ್ಷ ಕಿವಿ ನಿಮಿರಿಸಿ ಕಾದಿದ್ದ ದನಿ ಕೊನೆಗೂ ಸಿಕ್ಕಿತ್ತು, ಆದರೆ ಕಣ್ಣಿಗೆ. ನಗು ಬಂತು. ಆಮೇಲೆ ಭಾನುವಾರ ನೆನಪಾಗಿ ನಗು ನಿಂತಿತು.

ಮಾವ ಬುಧವಾರ ಮಧ್ಯಾಹ್ನ ಪ್ರೂಫ್, ಅಂದರೆ ಅಚ್ಚಿನ ಮಾದರಿ ಹಾಳೆ, ನೋಡಲು ಬಂದರು. ಅವರು ಒಪ್ಪಿ ಸಹಿ ಹಾಕಿದರೆ ಪ್ಲೇಟು, ಗುರುವಾರ ಮೆಷಿನ್ನು. ಕನ್ನಡಕ ಮರೆತು ಬಂದಿದ್ದರು. ಹಾಳೆಯನ್ನು ತೋಳಿನಷ್ಟು ದೂರ ಹಿಡಿದು ಬೀಗಿದರು.

“ಅಬ್ಬಾ! ಏನು ಕಳೆ ನೋಡೇ! ಇದು ಮುಖ ಅಂದ್ರೆ. ಸುಮ್ನೆ ಹೇಳ್ತಿದ್ರಾ ಜನ, ಸಿಂಹದ ಹಾಗೆ ಅಂತ? ಹೂಂ… ಇಲ್ಲೇನೋ ಕಲೆ ಉಳಿದಿದೆ, ಪರದೆ ಹತ್ರ. ಒರೆಸಿಬಿಡು.”

“ಅದು ಕಲೆ ಅಲ್ಲ, ಮಾವ.”

“ಮತ್ತೇನು?”

ಭೂತಗನ್ನಡಿ ಕೊಟ್ಟೆ. ಅವರು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಪಕ್ಕದ ಹಾಲಿನಲ್ಲಿ ಯಂತ್ರ ಯಾವುದೋ ಔಷಧದ ಪೆಟ್ಟಿಗೆಯ ಕಾಗದವನ್ನು ಟಕಟಕ ಉಗುಳುತ್ತಿತ್ತು. ಎದ್ದಾಗ ಸಿಂಹದ ದನಿ ಹೋಗಿ ಬೇರೆ ಯಾವುದೋ ಸಣ್ಣ ಪ್ರಾಣಿಯ ದನಿ ಬಂದಿತ್ತು.

“ಪುಟ್ಟಿ, ಆ ಹಳೇದು ಇದೆಯಲ್ಲ.”

“ಯಾವ ಹಳೇದು?”

“ಮೊಬೈಲ್‌ದು. ಅದೇ ಚೆನ್ನಾಗಿತ್ತು. ಅದನ್ನೇ ಹಾಕು.”

“ಮಾವ! ಅದರಲ್ಲಿ ಮೂಗೇ ಇಲ್ಲ!”

“ಮೂಗು ಇಲ್ದಿದ್ರೆ ಪದ್ಯ ಹೇಳೋಕಾಗಲ್ವಾ? ಒಂದು ಗಾಂಭೀರ್ಯ ಇತ್ತು ಅದರಲ್ಲಿ. ಎಲ್ಲ ಇಷ್ಟು ಸ್ಪಷ್ಟವಾಗಿ ಕಾಣಬಾರ್ದು ಕಣೇ, ಭಕ್ತಿ ಬರಲ್ಲ.”

“ಅದು ಈ ಬಾಗಿಲು ದಾಟಿ ಮೆಷಿನ್ನಿಗೆ ಹೋಗಲ್ಲ.”

“ಹಾಗಾದ್ರೆ ಇದರಲ್ಲೇ ಆ… ಅದನ್ನ ತೆಗಿ.”

ಅಷ್ಟರಲ್ಲಿ ಯಂತ್ರ ನಿಂತಿತು. ಮೆಷಿನ್ ಅಣ್ಣ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು, ಮಾವನ ಕೈಯಿಂದ ಹಾಳೆ ಇಸಿದುಕೊಂಡು, ಅಭ್ಯಾಸದ ಕಣ್ಣಿನಿಂದ ಒಂದೇ ಸಲಕ್ಕೆ ಅದನ್ನು ಹಿಡಿದರು.

“ಅಲ್ಲಾ, ಪರದೆ ಹಿಂದೆ ಯಾರೋ ಇದಾರೆ! ಯಾರು ಸ್ವಾಮಿ ಅದು?”

“ಅದು… ಯಾರೋ. ಭವನದ ಕೆಲಸದೋಳು. ಪರದೆ ಎಳೆಯೋಳು.”

“ಪರದೆ ಎಳೆಯೋಳಾ?” ಅಂದಿತು ಬಾಗಿಲಿನಿಂದ ಇನ್ನೊಂದು ದನಿ.

ಅತ್ತೆ ನಿಂತಿದ್ದರು, ಕೈಯಲ್ಲಿ ಮಾವನ ಕನ್ನಡಕ.

“ನೀನ್ಯಾಕೆ ಬಂದ್ಯೇ?” ಅಂದರು ಮಾವ.

“ಕಣ್ಣು ಕಾಣದೆ ಒದ್ದಾಡ್ತಾರಲ್ಲ ಅಂತ ತಂದೆ. ನಿಮಗೆ ಎಲ್ಲ ಚೆನ್ನಾಗೇ ಕಾಣ್ತಿದೆಯಲ್ರೀ.” ನನ್ನ ಕಡೆ ತಿರುಗಿದರು. “ಎಲ್ಲಿ, ತೋರ್ಸು ಪುಟ್ಟಿ, ನಾನೂ ನೋಡ್ತೀನಿ ಆ ಪರದೆ ಎಳೆಯೋಳನ್ನ.”

ಮಾನಿಟರಿನಲ್ಲಿ ಹಿಗ್ಗಿಸಿದೆ. ಅತ್ತೆ ನನ್ನ ಕುರ್ಚಿಯಲ್ಲಿ ಕೂತು ಮುಖ ಮುಂದೆ ತಂದರು. ತಮ್ಮ ಮೂವತ್ತು ವರ್ಷದ ಹಿಂದಿನ ಅರ್ಧ ಮುಖವನ್ನು, ಈಗಿನ ಇಡೀ ಮುಖದಿಂದ ನೋಡಿದರು.

“ಅಯ್ಯಯ್ಯೋ, ಬಾಯಿ ನೋಡು! ಹಲ್ಲು ಕೀಳೋ ಡಾಕ್ಟ್ರ ಮುಂದೆ ಕೂತ ಹಾಗಿದೆ.” ಮತ್ತೆ ನೋಡಿದರು. “ಬೆರಳು ಮೂರನೇ ಸಾಲಲ್ಲಿದೆ. ಯಾವಾಗ್ಲೂ ಅಲ್ಲೇ. ಎರಡು ಸಾಲು ಕುದುರೆ ಹಾಗೆ ಓಡೋರು, ಮೂರನೇದಕ್ಕೆ ಬಂದು ಗಕ್ಕಂತ ನಿಲ್ಲೋರು. ಜನ ಎಲ್ಲ, ಆಹಾ, ಏನು ತಲ್ಲೀನತೆ ಅನ್ನೋರು.”

“ಹಾಗಾದ್ರೆ ಸಾವಿರ ಪದ್ಯ, ಎರಡು ಕಂಠ ಅಲ್ವೇನಮ್ಮಾ?” ಅಂದರು ಮೆಷಿನ್ ಅಣ್ಣ, ಇಡೀ ಬೀದಿಗೆ.

“ನೀನು ಹೋಗಿ ಮೆಷಿನ್ ಓಡ್ಸಯ್ಯ!” ಸಿಡುಕಿದರು ಮಾವ.

“ನಿಮ್ಮ ಪ್ಲೇಟು ಬರದೆ ಏನು ಓಡಿಸ್ಲಿ, ಸೈಕಲ್ಲಾ?”

ಮಾವ ಅವರನ್ನು ಬಿಟ್ಟು ಅತ್ತೆಯ ಪಕ್ಕ ಬಗ್ಗಿದರು. ಕನ್ನಡಕ ಇಸಿದುಕೊಳ್ಳುವುದನ್ನೂ ಮರೆತಿದ್ದರು. ಅದನ್ನು ನೋಡಿ ನನಗೆ ಮೊದಲ ಸಲ ಪಾಪ ಅನ್ನಿಸಿತು.

“ಲೇ, ನೋಡು. ಭಾನುವಾರ ಎಲ್ಲಾ ಬರ್ತಾರೆ. ಅವರ ಕೈಗೆ ಇದು ಸಿಕ್ಕಿದ್ರೆ ಮುಗೀತು. ನನ್ನ ನಲವತ್ತು ವರ್ಷ ನಗೆಪಾಟಲಾಗುತ್ತೆ.”

“ನಿಮ್ಮ ನಲವತ್ತು,” ಅಂದರು ಅತ್ತೆ. ಪ್ರಶ್ನೆಯಂತೆಯೂ ಇರಲಿಲ್ಲ, ಜಗಳದಂತೆಯೂ ಇರಲಿಲ್ಲ.

“ಅತ್ತೆ, ನೀವು ಹೇಳಿದ ಹಾಗೆ,” ಅಂದೆ ನಾನು. “ನೀವಿರಲಿ ಅಂದ್ರೆ ಇರ್ತೀರಿ. ಬೇಕಾದ್ರೆ ಇನ್ನೂ ಸ್ವಲ್ಪ ಬೆಳಕು ಕೊಡ್ತೀನಿ.”

ಮಾವ ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ಅತ್ತೆ ಮಾನಿಟರಿನಲ್ಲಿದ್ದ ಬೆರಳಿನ ಮೇಲೆ ತಮ್ಮ ಬೆರಳನ್ನು ಇಟ್ಟು ನೋಡಿದರು. ಮೆಷಿನ್ ಅಣ್ಣ ಕೂಡ ಸುಮ್ಮನಿದ್ದರು. ಅದೊಂದು ದಾಖಲೆ.

“ತೆಗಿ, ಪುಟ್ಟಿ.”

“ಅತ್ತೆ?”

“ತೆಗೆದುಬಿಡು. ಅರ್ಧಂಬರ್ಧ ಬೇಡ. ಪೂರ್ತಿ.”

ತೆಗೆದೆ. ಪಕ್ಕದ ನೆರಿಗೆಯಿಂದ ಬಟ್ಟೆ ಎರವಲು ತಂದು ಮೊದಲು ನೋಟ್‌ಬುಕ್ಕು ಮುಚ್ಚಿದೆ. ಆಮೇಲೆ ಬೆರಳು, ಗದ್ದ, ಕಣ್ಣು. ಕೈ ಪಳಗದವರು ಇಂಥ ಕಡೆ ಅಳಿಸಿದರೆ ಒಂದು ಮಬ್ಬು ಉಳಿಯುತ್ತದೆ, ಅಥವಾ ಒಂದೇ ನೂಲಿನ ಗುರುತು ಎರಡು ಕಡೆ ಬಿದ್ದು ಕಳ್ಳತನ ಸಿಕ್ಕಿಬೀಳುತ್ತದೆ. ನಾನು ಹಳೇ ಫೋಟೊದ ಕಾಳುಕಾಳಾದ ಮೈಯನ್ನೂ ಹೊಂದಿಸುತ್ತ ಹೋದೆ. ಅತ್ತೆ ಹಿಂದೆ ನಿಂತು ನೋಡುತ್ತಿದ್ದರು. “ಅಲ್ಲಿ ನೆರಿಗೆ ಒಳಕ್ಕೆ ತಿರುಗ್ತಿತ್ತು, ಹೊರಕ್ಕಲ್ಲ” ಅಂದರು ಒಂದು ಕಡೆ. ಸರಿಮಾಡಿದೆ. ಕೊನೆಗೆ ಹಲ್ಲು ಉಳಿಯಿತು. ಅದರ ಮೇಲೂ ಬಟ್ಟೆ ಎಳೆದೆ. ನನ್ನ ಜೀವಮಾನದ ಅತಿ ಅಚ್ಚುಕಟ್ಟಾದ ಕೆಲಸ ಅದೇ ಇರಬೇಕು. ಭೂತಗನ್ನಡಿ ಹಿಡಿದರೂ ಅಲ್ಲಿ ಯಾರಾದರೂ ಇದ್ದರು ಅನ್ನುವುದಕ್ಕೆ ಒಂದು ಚುಕ್ಕಿ ಸಾಕ್ಷಿ ಇಲ್ಲ.

ಹೊಸ ಪ್ರೂಫ್ ಹೊರಬಂತು. ಮಾವ ಕನ್ನಡಕ ಹಾಕಿಕೊಂಡು ಮೂಲೆ ಮೂಲೆ ಹುಡುಕಿದರು. ಬರೀ ಪರದೆ. ಅವರ ಎದೆ ಮತ್ತೆ ಅಗಲವಾಯಿತು. ಅಡಿಯಲ್ಲಿ ದೊಡ್ಡದಾಗಿ ಸಹಿ ಹಾಕಿದರು, ಸಹಿಯ ಬಾಲವನ್ನು ರಾಗ ಎಳೆದ ಹಾಗೆ ಎಳೆದರು. ಮೆಷಿನ್ ಅಣ್ಣ ಹಾಳೆ ತೆಗೆದುಕೊಂಡು ನನ್ನ ಮುಖವನ್ನೊಮ್ಮೆ ನೋಡಿ ಹೋದರು.

“ನೀನು ನನ್ನ ಮಾನ ಉಳಿಸಿದೆ ಕಣೇ,” ಅಂದರು ಮಾವ ಅತ್ತೆಗೆ. ನಿಜವಾಗಿಯೇ ಅಂದರು. ಆಮೇಲೆ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು, ನಾಳೆ ತರಬೇಕಾದ ಸೋಪಿನ ವಿಷಯ ಹೇಳುವವರಂತೆ ಮುಂದುವರಿಸಿದರು: “ಭಾನುವಾರ ನೀನು ಎಡಗಡೆ ಪರದೆ ಹತ್ರ ನಿಂತ್ಕೋ. ಬಲಗಿವಿ ಈಚೆಗೆ ಸ್ವಲ್ಪ ಮಂದ. ನೂರು ಪದ್ಯ ಇದೆ, ಸ್ವಲ್ಪ ಜೋರಾಗೇ ಹೇಳಿಕೊಡು. ಮೂರನೇ ಸಾಲು ಮಾತ್ರ ಮರೀಬೇಡ.”

“ಇಲ್ಲ,” ಅಂದರು ಅತ್ತೆ. “ಅಲ್ಲಿಂದ ನನ್ನನ್ನ ಪೂರ್ತಿ ತೆಗೆದಾಯ್ತಲ್ರೀ. ಇನ್ನು ಪರದೆ ಹಿಂದೆ ನಾನು ನಿಲ್ಲಲ್ಲ.”